ಆನೆ, ಕಾಡೆಮ್ಮೆಗೆ ‘.375ಕ್ಕಿಂತ ಕಡಿಮೆ ಬೇಡ’ ಎಂಬ ನಿಯಮ ಎಲ್ಲಿಂದ ಬಂತು?

ಕಾಟಿಹಾದಿ (ಪ್ರಶ್ನೆ):

ಟಾಂಜಾನಿಯಾದಂಥ ಆಫ್ರಿಕಾದ ದೇಶಗಳಲ್ಲಿ ಆನೆ, ಕಾಡೆಮ್ಮೆಯ (ಆಫ್ರಿಕಾದ ಬಫೆಲೋ, ನಮ್ಮ ಕಾಟಿಯಲ್ಲ) ಬೇಟೆಗೆ ರೈಫಲ್ ನಳಿಗೆಯ ವ್ಯಾಸ ಕನಿಷ್ಠ .375 ಇಂಚು ಇರಬೇಕು ಅನ್ನುತ್ತದೆ ಕಾನೂನು. ಅದೇ ಆಫ್ರಿಕಾದಲ್ಲಿ ‘ಕರಮೋಜೋ’ ಬೆಲ್ ಎಂಬ ಸ್ಕಾಟ್ಲೆಂಡಿನ ಬೇಟೆಗಾರ ಸಾವಿರಕ್ಕೂ ಹೆಚ್ಚು ಆನೆ ಹೊಡೆದ. ಅದರಲ್ಲಿ ಬಹುಪಾಲು 7×57 ಮೌಸರ್ ತೋಟಾದಲ್ಲಿ, ಅಂದರೆ ಇಂದಿನ ನಿಯಮದ ಪ್ರಕಾರ ಹತ್ತಿರವೂ ಸುಳಿಯಬಾರದ 7 ಮಿ.ಮೀ. ಗುಂಡಿನಲ್ಲಿ.

ಹಾಗಾದರೆ .375 ಎಂಬ ಗೆರೆ ಎಳೆದದ್ದು ಯಾವ ಆಧಾರದ ಮೇಲೆ? ಯಾರಾದರೂ ಅಳೆದು ನೋಡಿ ಹೇಳಿದ್ದೋ, ಅಥವಾ ರೂಢಿಯೇ ಕಾನೂನಾಯಿತೋ? ಕೆಲವು ದೇಶಗಳು ವ್ಯಾಸ ಬಿಟ್ಟು ಜೌಲ್ ಲೆಕ್ಕ, ಅಂದರೆ ಗುಂಡಿನ ಶಕ್ತಿಯ ಲೆಕ್ಕ, ಹೇಳುವುದು ಯಾಕೆ? ನಮ್ಮ ಕಡೆ, ಮೈಸೂರು ಸೀಮೆಯಲ್ಲಿ ಅಥವಾ ಭಾರತದಲ್ಲಿ, ಇಂಥ ಕನಿಷ್ಠ ವ್ಯಾಸದ ನಿಯಮ ಇತ್ತೇ?

ಹಳೇನಳಿಗೆ:

ಮೊದಲು ‘ಬೋರ್’ ಕಾಲಕ್ಕೆ ಹೋಗಬೇಕು. ಕರಿಮದ್ದಿನ ದಿನಗಳಲ್ಲಿ ದೊಡ್ಡ ಬೋರಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 1,300–1,500 ಅಡಿಯ ಆಚೆ ಹೋಗುತ್ತಿರಲಿಲ್ಲ. ಮದ್ದು ಎಷ್ಟೇ ತುಂಬಿದರೂ ಹೊಗೆ, ಮಸಿ, ಹೆಗಲಿಗೆ ಒದೆತ ಹೆಚ್ಚುತ್ತಿತ್ತೇ ಹೊರತು ವೇಗವಲ್ಲ. ವೇಗ ಏರದಿದ್ದರೆ ಏರಿಸಬಹುದಾದದ್ದು ತೂಕವೊಂದೇ. 4-ಬೋರ್ ಎಂದರೆ ಆ ನಳಿಗೆಗೆ ಸರಿಹೊಂದುವ ನಾಲ್ಕು ಸೀಸದ ಗುಂಡು ಸೇರಿದರೆ ಒಂದು ಪೌಂಡ್. ಅಂದರೆ ಒಂದೊಂದು ಗುಂಡೂ 1,750 ಗ್ರೇನ್, ಸುಮಾರು 113 ಗ್ರಾಂ. 8-ಬೋರಿನ ಗುಂಡು ಅದರ ಅರ್ಧ. ಮೈಸೂರಿನಲ್ಲಿ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಆನೆಗೆ ಬಳಸುತ್ತಿದ್ದುದೂ ಇಂಥ ದೊಡ್ಡ ಬೋರಿನ ಕೋವಿಗಳನ್ನೇ. ಮೆತ್ತನೆಯ ಸೀಸದ ಗುಂಡು ಆನೆಯ ತಲೆಬುರುಡೆಗೆ ತಾಗಿದ ಕೂಡಲೇ ಚಪ್ಪಟೆಯಾಗುತ್ತದೆ, ಒಳಗೆ ಹೋಗದೆ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಸೀಸಕ್ಕೆ ತವರ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಆಗ ಕಾನೂನಿನಲ್ಲಿ ಕನಿಷ್ಠ ವ್ಯಾಸ ಬರೆಯುವ ಅಗತ್ಯವೇ ಇರಲಿಲ್ಲ, ಏಕೆಂದರೆ ಸಣ್ಣ ಕೋವಿ ಹಿಡಿದು ಆನೆಯ ಮುಂದೆ ನಿಲ್ಲುವವನೇ ಇರಲಿಲ್ಲ.

1889ರಲ್ಲಿ ಕಾರ್ಡೈಟ್ ಬಂದಮೇಲೆ ಎಲ್ಲ ಬದಲಾಯಿತು. ಹೊಗೆಯಿಲ್ಲದ ಈ ಮದ್ದು ಗುಂಡನ್ನು ಸೆಕೆಂಡಿಗೆ 2,000 ಅಡಿ ದಾಟಿಸಿತು, ಆ ವೇಗಕ್ಕೆ ಸೀಸ ಕರಗಿ ನಳಿಗೆಗೆ ಮೆತ್ತಿಕೊಳ್ಳದಂತೆ ಗುಂಡಿಗೆ ಗಟ್ಟಿಲೋಹದ ಕವಚ ಬಂತು. 1898ರಲ್ಲಿ ಕೋವಿ ತಯಾರಕ ರಿಗ್ಬಿಯವರ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ 480 ಗ್ರೇನಿನ ಗುಂಡನ್ನು 2,150 ಅಡಿ ವೇಗದಲ್ಲಿ ಕಳಿಸಿತು. ಹತ್ತು ಕಿಲೋ ತೂಗುವ 4-ಬೋರಿನ ಕೆಲಸವನ್ನು ಅದರ ಅರ್ಧ ತೂಕದ ಜೋಡುನಳಿಗೆ ಮಾಡತೊಡಗಿತು.

ತೊಂದರೆ ಶುರುವಾದದ್ದೂ ಇಲ್ಲಿಂದಲೇ. ಅದೇ ಕಾರ್ಡೈಟ್ ಸೈನ್ಯದ .303ಗೂ ಹೋಯಿತು, ಮೌಸರ್ 7×57ಗೂ ಅಂಥದೇ ಹೊಗೆಯಿಲ್ಲದ ಮದ್ದು ಸಿಕ್ಕಿತು. ಈ ರೈಫಲ್‌ಗಳು ಅಗ್ಗ, ತೋಟಾ ಎಲ್ಲೆಲ್ಲೂ ಸಿಗುತ್ತಿತ್ತು, ಒದೆತ ಕಡಿಮೆ. ಆಫ್ರಿಕಾಕ್ಕೆ ಬಂದ ವಲಸೆಗಾರ, ವ್ಯಾಪಾರಿ, ಸಿಪಾಯಿ ಎಲ್ಲರ ಕೈಯಲ್ಲೂ ಅವೇ. ಗುರಿಯ ಅಭ್ಯಾಸವಿಲ್ಲದವರು ಅವನ್ನು ಹಿಡಿದು ಆನೆಯ ಹೊಟ್ಟೆಗೋ ಹೆಗಲಿಗೋ ಹೊಡೆದು ಬಿಟ್ಟುಬಿಡುತ್ತಿದ್ದರು. ಗಾಯಗೊಂಡ ಪ್ರಾಣಿ ದಿನಗಟ್ಟಲೆ ನರಳುತ್ತದೆ, ಮುಂದೆ ಅದೇ ದಾರಿಯಲ್ಲಿ ನೀರಿಗೆ ಬರುವ ಹಳ್ಳಿಯವರ ಮೇಲೆ ಬೀಳುತ್ತದೆ. ಅದನ್ನು ಹುಡುಕಿ ಮುಗಿಸುವ ಹೊಣೆ ಮಾತ್ರ ಗೇಮ್ (ಬೇಟೆಪ್ರಾಣಿಗಳ) ಇಲಾಖೆಯವರ ಹೆಗಲಿಗೆ. ಕನಿಷ್ಠ ವ್ಯಾಸದ ನಿಯಮ ಹುಟ್ಟಿದ್ದು ಈ ನೋವಿನಿಂದ. ಬೆಲ್‌ನಂಥವನನ್ನು ತಡೆಯಲು ಮಾಡಿದ್ದಲ್ಲ, ಬೆಲ್ ಅಲ್ಲದವರನ್ನು ತಡೆಯಲು ಮಾಡಿದ್ದು.

ದೊಡ್ಡ ಒಪ್ಪಂದಗಳಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ. 1900ರ ಲಂಡನ್ ಒಪ್ಪಂದ 5 ಕಿಲೋಗಿಂತ ಕಡಿಮೆ ತೂಕದ ದಂತದ ಬಗ್ಗೆ, ಬಲೆ, ಗುಂಡಿಗಳ ಬಗ್ಗೆ ಹೇಳಿತು. 1933ರದ್ದು ಮೋಟಾರು, ವಿಮಾನ, ವಿಷ, ಕಣ್ಣು ಕುಕ್ಕುವ ದೀಪಗಳ ಬಗ್ಗೆ ಹೇಳಿತು. ಎರಡರ ಚಿಂತೆಯೂ ‘ಎಷ್ಟು ಪ್ರಾಣಿ ಸಾಯುತ್ತವೆ’ ಎಂಬುದು. ‘ಒಂದೊಂದು ಪ್ರಾಣಿ ಹೇಗೆ ಸಾಯುತ್ತದೆ’ ಎಂಬ ಚಿಂತೆ ಬಂದದ್ದು ಆಯಾ ದೇಶದ ಗೇಮ್ ಕಾನೂನುಗಳಲ್ಲಿ, ಲೈಸೆನ್ಸ್ ಕೊಡುವ ಮೇಜಿನ ಮಟ್ಟದಲ್ಲಿ.

ತೋಟಾಲೆಕ್ಕ:

ಹಳೇನಳಿಗೆಯವರ ಮಾತಿಗೆ ಬೆಲ್‌ನ ಲೆಕ್ಕ ಸೇರಿಸುತ್ತೇನೆ, ಅದರ ಹೊರತು ನಿಯಮದ ಅರ್ಥವಾಗದು.

ಗುಂಡು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಹೇಳುವುದು ಸೆಕ್ಷನಲ್ ಡೆನ್ಸಿಟಿ, ಅಂದರೆ ಗುಂಡಿನ ದಪ್ಪಕ್ಕೆ ಹೋಲಿಸಿದ ಅದರ ತೂಕ. ಗ್ರೇನ್ ತೂಕವನ್ನು 7,000ದಿಂದ ಭಾಗಿಸಿ, ಬಂದದ್ದನ್ನು ಇಂಚಿನ ವ್ಯಾಸದ ವರ್ಗದಿಂದ ಭಾಗಿಸಿ:

7×57, 173 ಗ್ರೇನ್, .284 ಇಂಚು: 0.306
9.3×62, 286 ಗ್ರೇನ್, .366 ಇಂಚು: 0.305
.375 ಹಾಲೆಂಡ್, 300 ಗ್ರೇನ್, .375 ಇಂಚು: 0.305
.470 ನೈಟ್ರೋ, 500 ಗ್ರೇನ್, .475 ಇಂಚು: 0.317

ಆಳದ ಮಟ್ಟಿಗೆ ಬೆಲ್‌ನ ಸಣ್ಣ ಗುಂಡು .375ಕ್ಕೆ ಸಮ. ಉದ್ದನೆಯ, ದುಂಡುಮೂತಿಯ, ಪೂರ್ತಿ ಕವಚದ ಗುಂಡು ಅದು, ಹಾಗಾಗಿ ಬುರುಡೆಯೊಳಗೆ ನೆಟ್ಟಗೆ ಹೋಗುತ್ತಿತ್ತು. ಬೆಲ್ ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಉದ್ದಕ್ಕೆ ಕೊಯ್ಸಿ ಮಿದುಳು ಎಲ್ಲಿದೆ ಎಂದು ನೋಡಿಕೊಂಡಿದ್ದ. ಅಷ್ಟು ದೊಡ್ಡ ತಲೆಯಲ್ಲಿ ಸುಮಾರು 5 ಕಿಲೋ ತೂಕದ ಮಿದುಳು ಹಿಂದಕ್ಕೆ, ಕೆಳಕ್ಕೆ, ಎರಡು ಕಿವಿರಂಧ್ರಗಳ ನಡುವೆ ಕೂತಿರುತ್ತದೆ. ಉಳಿದದ್ದೆಲ್ಲ ಜೇನುಗೂಡಿನಂಥ ಗಾಳಿಮೂಳೆ. ಎದುರಿನಿಂದ ಹಣೆಗೆ ಗುರಿ ಇಟ್ಟವನು ಮಿದುಳಿನ ಮೇಲೆ ಬರೀ ಮೂಳೆಯನ್ನು ತೂತು ಮಾಡುತ್ತಾನೆ. ಅದೂ ಅಲ್ಲದೆ ಆನೆ ತಲೆ ಎತ್ತಿದಾಗ, ತಗ್ಗಿಸಿದಾಗ ಗುರಿಯ ಜಾಗ ಗೇಣುಗಟ್ಟಲೆ ಬದಲಾಗುತ್ತದೆ.

ಈಗ ನಾಲ್ಕು ಇಂಚು ತಪ್ಪಿತು ಅಂದುಕೊಳ್ಳಿ. .470ಯ 500 ಗ್ರೇನಿನ ಪೆಟ್ಟು ಮಿದುಳಿನ ಪಕ್ಕದಲ್ಲಿ ಹಾದರೂ ಆನೆ ಮಂಕಾಗಿ ಕುಸಿಯುವುದುಂಟು, ಎರಡನೇ ನಳಿಗೆಗೆ ಸಮಯ ಸಿಗುತ್ತದೆ ಎಂಬುದು ವೃತ್ತಿಪರ ಬೇಟೆಗಾರರ ಒಮ್ಮತದ ಮಾತು. 7 ಮಿ.ಮೀ. ಗುಂಡು ಅಷ್ಟೇ ದೂರದಲ್ಲಿ ಹಾದರೆ ಆನೆಗೆ ತಿಳಿಯುವುದು ನೋವು ಮಾತ್ರ, ಅದು ತಿರುಗಿ ನಿಲ್ಲುತ್ತದೆ ಇಲ್ಲವೇ ಕಾಡು ಸೇರುತ್ತದೆ. ಸರಿಯಾಗಿ ತಾಗಿದಾಗ ಎರಡಕ್ಕೂ ವ್ಯತ್ಯಾಸವಿಲ್ಲ, ತಪ್ಪಿದಾಗ ಇರುವ ವ್ಯತ್ಯಾಸ ಇಷ್ಟು ದೊಡ್ಡದು. ಕಾನೂನು ಬರೆದದ್ದು ತಪ್ಪುವ ಕೈಗಳಿಗಾಗಿ.

ಈ ‘ಪೆಟ್ಟನ್ನು’ ಅಂಕಿಗೆ ಇಳಿಸಲು ‘ಪೊಂಡೊರೊ’ ಟೇಲರ್ ಎಂಬ ದಂತಬೇಟೆಗಾರ 1940ರ ದಶಕದಲ್ಲಿ ನಾಕ್-ಔಟ್ ಅಂಕ ಎಂಬುದನ್ನು ಕೊಟ್ಟ: ಗ್ರೇನ್ ತೂಕ × ಅಡಿ ವೇಗ × ಇಂಚು ವ್ಯಾಸ, ಭಾಗಿಸು 7,000. .470ಗೆ ಸುಮಾರು 73, .375ಕ್ಕೆ 41, 7×57ಕ್ಕೆ 16. ಭೌತಶಾಸ್ತ್ರದಲ್ಲಿ ಈ ಸೂತ್ರಕ್ಕೆ ಬುಡವಿಲ್ಲ, ವ್ಯಾಸವನ್ನು ಹಾಗೆ ಗುಣಿಸಲು ಕಾರಣವೂ ಇಲ್ಲ. ಆದರೂ ಬೇಟೆಗಾರರು ಕಂಡದ್ದನ್ನು ಸುಮಾರಾಗಿ ಹೇಳುತ್ತದೆ, ಹಾಗಾಗಿ ಇಂದಿಗೂ ಬದುಕಿದೆ.

ಕಾನೂನುಕಡತ:

‘.375 ಎಂದೇ ಯಾಕೆ’ ಎಂಬುದಕ್ಕೆ ನನ್ನ ಉತ್ತರ: ಅದು ನಳಿಗೆಯ ಮೇಲೆ ಓದಬಹುದಾದ ಸಂಖ್ಯೆ. ಲೈಸೆನ್ಸ್ ನೋಡುವ ಅಧಿಕಾರಿಯ ಬಳಿ ವೇಗ ಅಳೆಯುವ ಯಂತ್ರ ಇರಲಿಲ್ಲ. ನಳಿಗೆಗೆ ಒತ್ತಿದ ಅಚ್ಚು ಇತ್ತು, ತೋಟಾದ ಬುಡದ ಅಚ್ಚು ಇತ್ತು. ಕಾನೂನಿಗೆ ಬೇಕಾದದ್ದು ಕಾಡಿನ ಅಂಚಿನಲ್ಲಿ ನಿಂತು ಪರೀಕ್ಷಿಸಬಹುದಾದ ಒಂದು ಗುರುತು.

ಆ ಗುರುತಿಗೆ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ 1912ರ .375 ಮ್ಯಾಗ್ನಮ್ ತೋಟಾ ಹೇಳಿ ಮಾಡಿಸಿದಂತಿತ್ತು. ಸಾಧಾರಣ ಮೈಕಟ್ಟಿನವನು ಒದೆತ ತಾಳಿಕೊಂಡು ಗುರಿ ಕಲಿಯಬಹುದಾದ ತೋಟಾಗಳಲ್ಲಿ ಇದೇ ಹೆಚ್ಚು ಬಲದ್ದು. ಚೂಪಾಗಿ ಇಳಿಯುವ ಉದ್ದನೆಯ ಕೇಸು (ಮದ್ದು ತುಂಬುವ ಲೋಹದ ಕೊಳವೆ) ಬಿಸಿಲಿನಲ್ಲಿ ಒತ್ತಡ ಏರಿದಾಗಲೂ ನಳಿಗೆಯಲ್ಲಿ ಕಚ್ಚಿಕೊಳ್ಳುವುದಿಲ್ಲ. 1937ರ ಹೊತ್ತಿಗೆ ಅಮೆರಿಕದ ವಿಂಚೆಸ್ಟರ್ ಕಂಪನಿ ತನ್ನ ಮಾಡೆಲ್ 70 ರೈಫಲ್ಲಿನಲ್ಲಿ ಇದನ್ನು ಕೊಟ್ಟಮೇಲೆ ಶ್ರೀಮಂತರ ಇಂಗ್ಲಿಷ್ ರೈಫಲ್ ಎಂಬ ಹಣೆಪಟ್ಟಿಯೂ ಹೋಯಿತು.

ಆದರೆ ಬರೀ ವ್ಯಾಸ ನೋಡುವ ನಿಯಮ ಎರಡು ಕಡೆಯೂ ಎಡವುತ್ತದೆ.

ಒಳ್ಳೆಯದನ್ನು ಹೊರಗಿಡುವುದಕ್ಕೆ ಉದಾಹರಣೆ ಅಮೆರಿಕದ ತಯಾರಕ ವೆದರ್‌ಬಿಯ 1953ರ .378 ತೋಟಾ. 300 ಗ್ರೇನ್ ಗುಂಡು ಸುಮಾರು 2,925 ಅಡಿ ವೇಗದಲ್ಲಿ, ಅಂದರೆ 7,700 ಜೌಲ್. .470 ನೈಟ್ರೋದ್ದು ಸುಮಾರು 6,950. ಆದರೂ ಆಫ್ರಿಕಾದ ಕೆಲವು ದೇಶಗಳ ಆಗಿನ ಕನಿಷ್ಠ ಮಿತಿ .40 ಇಂಚು. ಹೆಚ್ಚು ಬಲದ ತೋಟಾ ಹೊರಗೆ, ಕಡಿಮೆ ಬಲದ್ದು ಒಳಗೆ. ವೆದರ್‌ಬಿ ಅದೇ ಕೇಸಿನ ಕತ್ತು ಅಗಲ ಮಾಡಿ .458 ಇಂಚಿನ ಗುಂಡು ಕೂರಿಸಿ 1950ರ ದಶಕದ ಕೊನೆಗೆ .460 ತಂದ. ಸುಮಾರು 10,000 ಜೌಲ್ ಕೊಡುವ, ಬಹಳ ಜನ ಹೆಗಲಿಗೆ ಇಡಲೂ ಅಂಜುವ ಆ ತೋಟಾ ಹುಟ್ಟಿದ್ದಕ್ಕೆ ಕಾನೂನಿನ ಒಂದು ಸಾಲು ಕಾರಣ.

ಕೆಟ್ಟದ್ದನ್ನು ಒಳಗೆ ಬಿಡುವುದಕ್ಕೆ ಉದಾಹರಣೆ .375 ವಿಂಚೆಸ್ಟರ್, 1978. ಅಮೆರಿಕದ ಜಿಂಕೆಬೇಟೆಯ ಲಿವರ್ ರೈಫಲ್‌ಗೆ ಮಾಡಿದ್ದು. 200 ಗ್ರೇನ್, 2,200 ಅಡಿ, 2,900 ಜೌಲ್. ಅಕ್ಷರಶಃ ಓದಿದರೆ ಇದಕ್ಕೂ ಆನೆಯ ಪರವಾನಗಿ ಸಿಗಬೇಕು!

ಇದರ ತಿದ್ದುಪಡಿಯೇ ಜೌಲ್. ಜಿಂಬಾಬ್ವೆ ಎರಡನ್ನೂ ಕೇಳುತ್ತದೆ: ಆನೆ, ನೀರಾನೆ, ಕಾಡೆಮ್ಮೆಗೆ ಕನಿಷ್ಠ 9.2 ಮಿ.ಮೀ. ವ್ಯಾಸ, ಜೊತೆಗೆ 5,300 ಜೌಲ್. ಸಿಂಹ, ಜಿರಾಫೆ, ಎಲಾಂಡಿಗೆ 7 ಮಿ.ಮೀ. ಮತ್ತು 4,300 ಜೌಲ್. ನಮೀಬಿಯಾ ಆನೆ, ಘೇಂಡಾಮೃಗ, ಕಾಡೆಮ್ಮೆಗೆ 5,400 ಜೌಲ್, ಕುಡು, ಓರಿಕ್ಸ್, ಎಲಾಂಡಿಗೆ 2,700, ಸ್ಪ್ರಿಂಗ್‌ಬಾಕ್, ಇಂಪಾಲಕ್ಕೆ 1,350 ಎನ್ನುತ್ತದೆ. ಒಂದೊಂದು ಮೆಟ್ಟಿಲಿಗೂ ಸರಿಯಾಗಿ ಇಮ್ಮಡಿ, ನೋಡಿ. ಪ್ರಯೋಗಶಾಲೆಯಿಂದ ಬಂದ ಅಂಕಿಗಳು ಹೀಗೆ ದುಂಡಗಿರುವುದಿಲ್ಲ. ಮೇಲಿನ ಮೆಟ್ಟಿಲು .375 ಹಾಲೆಂಡ್‌ನ ಬಲಕ್ಕಿಂತ ತುಸು ಕೆಳಗೆ ಬಂದು ನಿಂತಿರುವುದೂ ಗಮನಕ್ಕೆ ಬರಬೇಕು. ಹಳೆಯ ರೂಢಿಯೇ ಹೊಸ ಮಾನದಲ್ಲಿ ಕೂತಿದೆ ಎಂಬುದು ನನ್ನ ಅಭಿಪ್ರಾಯ.

ಜರ್ಮನಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಆನೆ, ಕಾಡೆಮ್ಮೆಯಂಥ ಪ್ರಾಣಿಗಳಿಲ್ಲ, ಆದರೂ ಶಕ್ತಿಯನ್ನು ನಳಿಗೆಯ ಬಾಯಿಯಲ್ಲಲ್ಲ, 100 ಮೀಟರ್ ದೂರದಲ್ಲಿ ನೋಡುತ್ತಾರೆ: ಸಣ್ಣ ರೋ ಜಿಂಕೆಗೆ 1,000 ಜೌಲ್, ಅದಕ್ಕಿಂತ ದೊಡ್ಡ ಗೊರಸುಪ್ರಾಣಿಗಳಿಗೆ 2,000 ಜೌಲ್ ಮತ್ತು ಕನಿಷ್ಠ 6.5 ಮಿ.ಮೀ. ಪ್ರಾಣಿ ನಿಲ್ಲುವುದು ಆ ತುದಿಯಲ್ಲಿ ತಾನೇ.

ಕಾಟಿಹಾದಿ:

ತುಂಬ ಬೆಳಕಾಯಿತು. ಒಂದು ಅನುಮಾನ. .375 ಹಾಲೆಂಡ್ ಎಂದಮೇಲೆ ಜೌಲ್ ನಿಯಮದಲ್ಲಿ ಕಣ್ಣುಮುಚ್ಚಿ ಪಾಸಾಗುತ್ತದೆಯೇ? ನಳಿಗೆ ಗಿಡ್ಡ ಇದ್ದರೆ? ಜರ್ಮನರ 9.3×62 ಎಲ್ಲಿ ನಿಲ್ಲುತ್ತದೆ?

ತೋಟಾಲೆಕ್ಕ:

ಕಣ್ಣುಮುಚ್ಚಿ ಅಲ್ಲ, ಲೆಕ್ಕ ಹಾಕಿಯೇ ನೋಡಬೇಕು.

ಗ್ರೇನನ್ನು 0.0648ರಿಂದ ಗುಣಿಸಿದರೆ ಗ್ರಾಂ: 300 × 0.0648 = 19.44 ಗ್ರಾಂ. ಅಡಿ ವೇಗವನ್ನು 0.3048ರಿಂದ ಗುಣಿಸಿದರೆ ಮೀಟರ್: 2,530 × 0.3048 = 771. ತೂಕವನ್ನು ಕಿಲೋಗೆ ತಂದು ಅರ್ಧ ಮಾಡಿ, ವೇಗದ ವರ್ಗದಿಂದ ಗುಣಿಸಿ: 0.00972 × 771 × 771, ಹತ್ತಿರ ಹತ್ತಿರ 5,780 ಜೌಲ್. ಎರಡೂ ದೇಶಗಳಲ್ಲಿ ಪಾಸು.

ಆದರೆ ಡಬ್ಬಿಯ ಮೇಲಿನ 2,530 ಅಡಿ 24 ಇಂಚಿನ ಪರೀಕ್ಷಾ ನಳಿಗೆಯದ್ದು. ಈ ವರ್ಗದ ತೋಟಾದಲ್ಲಿ ಇಂಚಿಗೆ ಸುಮಾರು 25 ಅಡಿ ವೇಗ ಕಡಿಮೆಯಾಗುತ್ತದೆ ಎಂದು ಹಿಡಿಯಬಹುದು. ಪೊದೆಯಲ್ಲಿ ತಿರುಗಿಸಲು ಸುಲಭ ಎಂದು 20 ಇಂಚಿಗೆ ಕತ್ತರಿಸಿದ ನಳಿಗೆಯಲ್ಲಿ 2,430 ಅಡಿ, 741 ಮೀಟರ್, ಸುಮಾರು 5,340 ಜೌಲ್. ಜಿಂಬಾಬ್ವೆಯ 5,300 ದಾಟಿತು, ನಮೀಬಿಯಾದ 5,400ಕ್ಕೆ ಸಿಗಲಿಲ್ಲ. ನಾಲ್ಕು ಇಂಚು ಉಕ್ಕಿನಲ್ಲಿ ಗಡಿ ದಾಟುವ ಹಕ್ಕು ಹೋಯಿತು. ನೆನಪಿಡಬೇಕಾದದ್ದು: 300 ಗ್ರೇನಿಗೆ 5,400 ಜೌಲ್ ಬೇಕಾದರೆ 2,445 ಅಡಿ ವೇಗ ಬೇಕು. ಡಬ್ಬಿಯ ಅಂಕಿ ನಂಬದೆ, ಅದೇ ರೈಫಲ್ಲಿನಲ್ಲಿ ಅದೇ ತೋಟಾ ಹಾಕಿ ಕ್ರೋನೋಗ್ರಾಫ್ (ವೇಗ ಅಳೆಯುವ ಯಂತ್ರ) ಮುಂದೆ ಐದಾರು ಈಡು ಹೊಡೆದು ಸರಾಸರಿ ತೆಗೆಯಬೇಕು. ಕ್ರೋನೋಗ್ರಾಫನ್ನು ನಳಿಗೆಯ ಬಾಯಿಗೆ ಅಂಟಿಸಿ ಇಡಬಾರದು, ಮೂರು ಮೀಟರ್ ಮುಂದಿಡಿ. ಇಲ್ಲದಿದ್ದರೆ ಹೊರಬರುವ ಅನಿಲದ ಅಲೆಯನ್ನೇ ಗುಂಡೆಂದು ಓದಿ ತಪ್ಪು ಅಂಕಿ ಕೊಡುತ್ತದೆ.

9.3×62ರ ಕಥೆ ಬೇಸರ ತರಿಸುವಂಥದ್ದು. ಬರ್ಲಿನ್ನಿನ ಓಟ್ಟೋ ಬಾಕ್ 1905ರಲ್ಲಿ ಇದನ್ನು ಮಾಡಿದ್ದೇ ಆಫ್ರಿಕಾದ ಜರ್ಮನ್ ವಲಸೆಗಾರರಿಗೆ, ಮಾಮೂಲಿ ಮೌಸರ್ 98 ರೈಫಲ್ಲಿನಲ್ಲಿ ಕೂರುವಂತೆ, ಬಡ ರೈತನ ಕೈಗೆಟಕುವಂತೆ. 286 ಗ್ರೇನ್, 2,360 ಅಡಿ, ಸುಮಾರು 4,790 ಜೌಲ್. ಜಿಂಬಾಬ್ವೆಯ 9.2 ಮಿ.ಮೀ. ವ್ಯಾಸ ದಾಟುತ್ತದೆ, ಜೌಲಿನಲ್ಲಿ ಬೀಳುತ್ತದೆ. ಸಿಂಹಕ್ಕೆ ಸಾಲುತ್ತದೆ, ಕಾಡೆಮ್ಮೆಗೆ ಸಾಲದು. ಟಾಂಜಾನಿಯಾದ .375ರ ಮುಂದೆ .366 ಇಂಚು ಮೊದಲೇ ಹೊರಗೆ. ಆ ನೆಲ ಒಂದು ಕಾಲಕ್ಕೆ ಜರ್ಮನ್ ಪೂರ್ವ ಆಫ್ರಿಕಾವಾಗಿತ್ತು, ಅದರ ಕಾಡೆಮ್ಮೆಗಳನ್ನು ಎಷ್ಟೋ ವರ್ಷ ಇದೇ ತೋಟಾ ಉರುಳಿಸಿತ್ತು. ಅದರಣ್ಣ 9.3×64 ಬ್ರೆನೆಕೆಗೆ, 293 ಗ್ರೇನ್ 2,570 ಅಡಿ, 5,800 ಜೌಲ್ ದಾಟುವುದರಿಂದ ಜೌಲ್ ದೇಶಗಳಲ್ಲಿ ತೊಂದರೆಯಿಲ್ಲ.

ಇನ್ನೊಂದು ಬಲೆ .458 ವಿಂಚೆಸ್ಟರ್. 1956ರಲ್ಲಿ .470ಯ ಬಲವನ್ನು ಗಿಡ್ಡ ಕೇಸಿನಲ್ಲಿ ಕೊಡುತ್ತೇವೆಂದು ತಂದರು. ಕೇಸಿನಲ್ಲಿ ಜಾಗ ಸಾಲದೆ ಮದ್ದನ್ನು ಅದುಮಿ ತುಂಬಿದರು. ಅದುಮಿದ ಮದ್ದು ವರ್ಷಗಟ್ಟಲೆ ಬಿಸಿಲಿನಲ್ಲಿದ್ದು ಗಟ್ಟಿ ಹೆಂಟೆಯಾಯಿತು, ಪೂರ್ತಿ ಉರಿಯದೆ ವೇಗ ಕುಸಿಯಿತು. 500 ಗ್ರೇನಿಗೆ 2,130 ಅಡಿ ಇದ್ದರೆ 6,800 ಜೌಲ್. ಅದೇ 1,850ಕ್ಕೆ ಇಳಿದರೆ 5,150. ನಳಿಗೆಯ ಮೇಲೆ .458 ಎಂದೇ ಇದೆ, ವ್ಯಾಸದ ನಿಯಮ ಸಂತೋಷವಾಗಿ ಬಿಡುತ್ತದೆ, ಎದುರಿಗೆ ಆನೆ ನಿಂತಿದೆ. ಹಳೆಯ ತೋಟಾ ಕಿವಿಯ ಬಳಿ ಅಲುಗಾಡಿಸಿದರೆ ತಿಳಿಯುವ ದೋಷವಲ್ಲ ಇದು. ಡಬ್ಬಿಯ ತಯಾರಿಕೆ ವರ್ಷ ನೋಡಿ, ಹಳೆಯದನ್ನು ಬಿಟ್ಟುಬಿಡುವುದೇ ದಾರಿ.

ಬಂಡೀಪುರದಂಚು:

ನಮ್ಮ ಕಡೆಯ ಪ್ರಶ್ನೆಗೆ ಉತ್ತರ ಯಾರೂ ಕೊಟ್ಟಿಲ್ಲ, ಚಿಕ್ಕದಾಗಿ ಹೇಳುತ್ತೇನೆ.

ಇಲ್ಲಿ ಆನೆಯ ಕಾನೂನು ಹೊರಟಿದ್ದೇ ಬೇರೆ ದಾರಿಯಲ್ಲಿ. ಮದ್ರಾಸಿನ 1873ರ ಕಾಯ್ದೆ, ಆಮೇಲೆ 1879ರ ಆನೆ ಸಂರಕ್ಷಣಾ ಕಾಯ್ದೆ ಆನೆಯನ್ನು ಕೊಲ್ಲುವುದನ್ನೇ ತಡೆದವು, ಏಕೆಂದರೆ ಸರ್ಕಾರಕ್ಕೆ ಆನೆ ಬೇಕಿದ್ದುದು ಜೀವಂತವಾಗಿ, ದುಡಿಮೆಗೆ. ಕೊಲ್ಲಬಾರದ ಪ್ರಾಣಿಗೆ ಯಾವ ವ್ಯಾಸದ ಗುಂಡು ಎಂದು ಬರೆಯುವ ಪ್ರಮೇಯ ಕಡಿಮೆ. ಮೈಸೂರಿನಲ್ಲಿ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಬಂತು.

ಭಾರತದ ಕಾನೂನಿನಲ್ಲಿ ವ್ಯಾಸದ ಸಂಖ್ಯೆ ಕಾಣಿಸುವುದು ಪ್ರಾಣಿಗಾಗಿ ಅಲ್ಲ, ದಂಗೆಯ ಭಯಕ್ಕಾಗಿ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಭಾರತ ಮತ್ತು ಸುಡಾನಿನಲ್ಲಿ .450 ತೋಟಾ ನಿಷೇಧಿಸಿದರು, ಅದರ ಗುಂಡು ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗೆ ಹೊಂದುತ್ತದೆ ಎಂದು. ಇಂಗ್ಲೆಂಡಿನ ಕೋವಿ ಅಂಗಡಿಗಳು .465, .470, .475, .476 ಎಂದು ಸಾಲಾಗಿ ಹೊಸ ವ್ಯಾಸಗಳಿಗೆ ತಿರುಗಿದ್ದು ಆ ಕಾರಣಕ್ಕೆ. ಆಫ್ರಿಕಾದಲ್ಲಿ ಹೆಸರು ಮಾಡಿದ .470ಗೆ ಅಷ್ಟು ಬೇಡಿಕೆ ಬಂದದ್ದರಲ್ಲಿ ಭಾರತದ ಒಂದು ಆದೇಶದ ಪಾಲಿದೆ. ಇಂದಿಗೂ .303 ನಿಷೇಧಿತ ಬೋರ್, .315 ಪರವಾನಗಿಗೆ ಸಿಗುವಂಥದ್ದು. ಎರಡರ ನಡುವಿನ ಗೆರೆಗೂ ಪ್ರಾಣಿಗೂ ಸಂಬಂಧವಿಲ್ಲ, ಸೈನ್ಯದ ತೋಟಾ ಜನರ ಕೋವಿಗೆ ಹೊಂದಬಾರದು ಅಷ್ಟೇ.

ಪ್ರಾಣಿಯ ಕಡೆಯಿಂದ ಯೋಚಿಸಿದ ಸಾಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಳೆಯ 17ನೇ ಸೆಕ್ಷನ್ನಿನಲ್ಲಿತ್ತು: ದೊಡ್ಡ ಬೇಟೆಯ ಪ್ರಾಣಿಗಳನ್ನು ರೈಫಲ್‌ನಿಂದ ಮಾತ್ರ ಹೊಡೆಯಬೇಕು, ಚರೆ ಕೋವಿ ಬಳಸುವುದಾದರೆ ವಿಶೇಷ ಪರವಾನಗಿ ಪಡೆದು ಒಂಟಿ ಗುಂಡಿನ ತೋಟಾ ಹಾಕಬೇಕು. ವ್ಯಾಸ ಹೇಳಲಿಲ್ಲ, ಆಯುಧದ ಬಗೆ ಹೇಳಿತು. ಮಲೆನಾಡಿನಲ್ಲಿ ಚರೆ ಈಡು ತಿಂದ ಕಾಟಿ, ಹುಲಿ ಏನಾಗುತ್ತವೆ ಎಂದು ತಿಳಿದವರಿಗೆ ಆ ಸಾಲಿನ ಬೆಲೆ ಗೊತ್ತು. ಚರೆ ಚರ್ಮದಡಿ ಉಳಿದು ಕೀವಾಗುತ್ತದೆ, ಪ್ರಾಣಿ ಓಡಲಾರದೆ ಊರಿನ ಅಂಚಿಗೆ ಬರುತ್ತದೆ. 1991ರ ತಿದ್ದುಪಡಿಯಲ್ಲಿ ಬೇಟೆಯ ಲೈಸೆನ್ಸೇ ಹೋದಮೇಲೆ ಆ ಸೆಕ್ಷನ್ನೂ ಹೋಯಿತು. ಈಗ ಉಳಿದಿರುವುದು ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪಾಲಕರು 11ನೇ ಸೆಕ್ಷನ್ನಿನಡಿ ಕೊಡುವ ಅನುಮತಿಯಂಥ ಕೆಲವೇ ವಿನಾಯಿತಿಗಳು.

ಹಳೇನಳಿಗೆ:

ಕೊನೆಗೆ ಒಂದು ಸೇರಿಸುತ್ತೇನೆ, ಏಕೆಂದರೆ ವ್ಯಾಸವೋ ಜೌಲೋ ಎಂಬ ಚರ್ಚೆಯಲ್ಲಿ ಗುಂಡೇ ಮರೆತುಹೋಗುತ್ತದೆ.

ಹಳೆಯ .303 ತೋಟಾದ ಗುಂಡು 215 ಗ್ರೇನ್, ದುಂಡುಮೂತಿ, 2,060 ಅಡಿ ವೇಗ, ಸುಮಾರು 2,750 ಜೌಲ್. ಸೆಕ್ಷನಲ್ ಡೆನ್ಸಿಟಿ 0.318, ನೆಟ್ಟಗೆ ಆಳಕ್ಕೆ ಹೋಗುತ್ತಿತ್ತು. 1910ರಲ್ಲಿ ಬ್ರಿಟಿಷ್ ಸೈನ್ಯ ಮಾರ್ಕ್ 7 ತಂದಿತು: 174 ಗ್ರೇನ್, ಚೂಪುಮೂತಿ, 2,440 ಅಡಿ. ಜೌಲ್ 3,100ಕ್ಕೆ ಏರಿತು. ವ್ಯಾಸ ಅದೇ, ರೈಫಲ್ ಅದೇ. ಆದರೆ ಆ ಗುಂಡಿನ ಮೂತಿಯೊಳಗೆ ಸೀಸದ ಬದಲು ಅಲ್ಯೂಮಿನಿಯಂನಂಥ ಹಗುರ ವಸ್ತು, ಹಾಗಾಗಿ ಭಾರವೆಲ್ಲ ಹಿಂಬದಿಗೆ. ಮಾಂಸ ಹೊಕ್ಕ ಕೂಡಲೇ ಹಿಂಬದಿ ಮುಂದಾಗಲು ನೋಡುತ್ತದೆ, ಗುಂಡು ಪಲ್ಟಿ ಹೊಡೆಯುತ್ತದೆ. ಆನೆಯ ತಲೆಯಲ್ಲಿ ಅದು ಮಿದುಳಿನ ದಾರಿ ಬಿಟ್ಟು ಎಲ್ಲಿಗೋ ತಿರುಗುತ್ತದೆ. ಕಾಗದದ ಮೇಲೆ ಬಲ ಹೆಚ್ಚಿದ ತೋಟಾ, ಕಾಡಿನಲ್ಲಿ ಹೆಚ್ಚು ಗಾಯಾಳುಗಳನ್ನು ಬಿಡುವ ತೋಟಾ.

.375ರಲ್ಲೂ ಅಷ್ಟೇ. ಡಬ್ಬಿಯಲ್ಲಿ ಅರಳುವ ಮೂತಿಯ ಗುಂಡಿದ್ದರೆ ಅದು ಕಾಡೆಮ್ಮೆಯ ಶ್ವಾಸಕೋಶಕ್ಕೆ ಸರಿ, ಆನೆಯ ಬುರುಡೆಗೆ ಅಲ್ಲ. ಹೊರಮೂಳೆಯಲ್ಲೇ ಅಣಬೆಯಂತೆ ಅರಳಿ ನಿಂತುಬಿಡುತ್ತದೆ. ಆನೆಗೆ ಪೂರ್ತಿ ಕವಚದ್ದೋ, ಇಡೀ ಹಿತ್ತಾಳೆಯಲ್ಲಿ ಕಡೆದದ್ದೋ ಬೇಕು, ಅದರಲ್ಲೂ ಚಪ್ಪಟೆ ಮೂತಿಯದು ದುಂಡುಮೂತಿಗಿಂತ ನೆಟ್ಟಗೆ ಹೋಗುತ್ತದೆ. ಹೊರಡುವ ಮೊದಲು ತೋಟಾಗಳನ್ನು ಮೇಜಿನ ಮೇಲೆ ಸುರಿದು ಮೂತಿ ಒಂದೊಂದಾಗಿ ನೋಡಿ, ಅರಳುವವನ್ನೂ ಗಟ್ಟಿಯವನ್ನೂ ಬೇರೆ ಬೇರೆ ಕಿಸೆಗೆ ಹಾಕಿಕೊಳ್ಳಬೇಕು. ಬೆರೆತರೆ ಪೊದೆಯ ನಡುವೆ ಬೆರಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.